ಮಣಿ ಕರೆದೊಯ್ದ ಅಂಗಳ

ಶ್ರಾವಣದ ಶನಿವಾರ. ನರಸಮ್ಮ ನಡುಮನೆಯಲ್ಲಿ ಕೂತು ವೆಂಕಟರಮಣನ ತಂಬಿಟ್ಟಿನ ದೀಪಕ್ಕೆ ಹಿಟ್ಟು ಕಲಸುತ್ತಿದ್ದಾಗ ನಾಯಿ ಮಣಿ ಬಂದು ಅವಳ ಮೊಣಕಾಲಿಗೆ ಮೂತಿ ತಾಗಿಸಿದ. ಸ್ವಲ್ಪ ತಡೆದು ಮತ್ತೆ ತಾಗಿಸಿದ. ಎಲ್ಲೋ ಸದ್ದಾಗುತ್ತಿದೆ, ಎದ್ದು ಬಾ ಎಂದು ಅದರ ಅರ್ಥ.

ಹಿಟ್ಟಿನ ಕೈಯಲ್ಲೇ ಎದ್ದಳು. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ. ಫೋನು ಗೂಡಿನಲ್ಲಿ ತೆಪ್ಪಗೆ ಮಲಗಿತ್ತು. ಕೊಟ್ಟಿಗೆಯಲ್ಲಿ ಕರು ಮಲಗಿತ್ತು, ಎರಡೂ ಹಸು ಮೆಲುಕು ಹಾಕುತ್ತಿದ್ದವು. ಮಣಿ ಅದ್ಯಾವುದನ್ನೂ ನೋಡದೆ ಗೇಟು ದಾಟಿ, ರಸ್ತೆಯಲ್ಲಿ ನಿಂತು ಇವಳು ಬರುತ್ತಿದ್ದಾಳೋ ಇಲ್ಲವೋ ಎಂದು ಹಿಂತಿರುಗಿ ನೋಡಿ, ಪಕ್ಕದ ಅನಸೂಯಮ್ಮನ ಅಂಗಳಕ್ಕೆ ನುಗ್ಗಿದ.

"ಮತ್ತೆ ಅಲ್ಲಿಗೇ!" ಎಂದುಕೊಂಡಳು ನರಸಮ್ಮ.

ಹಿಂದೆ ಜ್ವರವೊಂದು ಬಂದು ನರಸಮ್ಮನ ಎರಡು ಕಿವಿಯನ್ನೂ ಸ್ವಲ್ಪಸ್ವಲ್ಪವಾಗಿ ಕಿತ್ತುಕೊಂಡು ಹೋಗಿತ್ತು. ಬಾಯಿ ಉಳಿದಿತ್ತು. ಎದುರಿಗಿದ್ದವರ ತುಟಿ ನೋಡಿ ಅವರಾಡಿದ್ದನ್ನು ತಿಳಿದುಕೊಳ್ಳುವ ವಿದ್ಯೆಯನ್ನೂ ದೇವರು ನಿಧಾನವಾಗಿ ಕೈಹಿಡಿದು ಕಲಿಸಿದ್ದ. ಆದರೆ ಬೆನ್ನ ಹಿಂದೆ ನಡೆಯುವುದು ಅವಳ ಪಾಲಿಗೆ ನಡೆಯುತ್ತಲೇ ಇರಲಿಲ್ಲ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಾಗ, ಬೆನ್ನ ಹಿಂದಿನ ಕೊಟ್ಟಿಗೆಯಲ್ಲಿ ಕರುವೊಂದು ಹಗ್ಗಕ್ಕೆ ಕುತ್ತಿಗೆ ಸಿಕ್ಕಿಸಿಕೊಂಡು ಅರಚಿ ಅರಚಿ ಪ್ರಾಣ ಬಿಟ್ಟಿತ್ತು. ಗಂಡ ಆಂಜಿನಪ್ಪ ಬೆಳಗಿನ ಬಸ್ಸಿಗೆ ಗಾರೆ ಕೆಲಸಕ್ಕೆಂದು ಬಂಗಾರಪೇಟೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ದನ ಮಾರಿಬಿಡೋಣ ಎಂದಿದ್ದ ಅವನು. ದನ ಮಾರಿದ ಮೇಲೆ ಈ ಮನೆಯಲ್ಲಿ ನಾನು ಯಾತಕ್ಕೆ ಎಂದು ಇವಳು ಮೂರು ಹೊತ್ತು ಒಲೆ ಹಚ್ಚಿರಲಿಲ್ಲ.

ಆಗ ಬಂದವನು ಮಣಿ. ಚಿನ್ನದ ಗಣಿಯಿದ್ದ ಊರಿಗಾಂನ ಹಳೇ ಕಂಪನಿ ಬಂಗಲೆಯೊಂದರಲ್ಲಿ ಸೆಲ್ವರಾಜ್ ಎಂಬಾತ ಬೀದಿನಾಯಿಗಳನ್ನು ತಂದು, ಕಿವಿ ಕೇಳದವರಿಗೆ ಕಿವಿಯಾಗುವಂತೆ ಪಳಗಿಸುತ್ತಿದ್ದ. ಅವನ ಅಪ್ಪನ ಕಿವಿಯನ್ನು ಗಣಿಯೊಳಗಿನ ಡ್ರಿಲ್ಲಿಂಗ್ ಮೆಷಿನ್ನು ತಿಂದುಹಾಕಿತ್ತು. ಮಣಿ ತಮಿಳು ಬಲ್ಲ ನಾಯಿ. 'ವಾ' ಅಂದರೆ ಬರುತ್ತಿದ್ದ, 'ಬಾ' ಅಂದರೆ ಯೋಚನೆ ಮಾಡುತ್ತಿದ್ದ. ಆಂಜಿನಪ್ಪನದು ಭೈರವನ ಒಕ್ಕಲು. ಸ್ವಾಮಿಯ ವಾಹನವೇ ಮನೆಗೆ ನಡೆದು ಬಂದಿದೆ ಎಂದು ನರಸಮ್ಮ ಮೊದಲ ದಿನವೇ ಅವನ ಹಣೆಗೆ ಕುಂಕುಮವಿಟ್ಟಿದ್ದಳು. ಅವನು ಬಂದ ಮೇಲೆ ಕರು ಕೂಗಿದ್ದು, ಹಾಲಿನ ವ್ಯಾನು ಹಾರನ್ ಹೊಡೆದಿದ್ದು, ಬಾಗಿಲು ತಟ್ಟಿದ್ದು ಎಲ್ಲವೂ ಮೊಣಕಾಲಿನ ಮೂಲಕ ಅವಳಿಗೆ ತಲುಪುತ್ತಿತ್ತು. ಒಂದು ಸಲವೂ ತಪ್ಪಿರಲಿಲ್ಲ.

ಈಗ ತಪ್ಪುತ್ತಿದ್ದ. ಅದೂ ಅನಸೂಯಮ್ಮನ ಅಂಗಳಕ್ಕೆ ಮಾತ್ರ.

ಮೊದಲ ಸಲ ಹೋದಾಗ ಅನಸೂಯಮ್ಮ ಜಗಲಿಯ ಮೇಲೆ ಹೂ ಕಟ್ಟುತ್ತಿದ್ದಳು. ಮನೆಯೊಳಗಿಂದ ಬೇಳೆ ಸೀದ ವಾಸನೆ.

"ಅನಸೂಯಕ್ಕಾ, ಏನೋ ಅತ್ತೋಗಿದೆ ನೋಡು."

"ನಮ್ ಬೇಳೆ ನಮಗೆ ಅಂಗೇ ರುಚಿ. ನಿನ್ನ ಕರೆದೋರು ಯಾರೇ?" ಅಂದವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ನಾಯಿ ಕರಿಯ ಬಿಸಿಲಿನಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು. ಆ ನಾಯಿಗೆ ಇಲ್ಲದ ಉಸಾಬರಿ ಮಣಿಗೇಕೆ?

ಎರಡನೇ ಸಲ ಹುಣಸೇ ಮರದ ಬುಡದಲ್ಲಿ ಅನಸೂಯಮ್ಮನ ಕರು ಹಗ್ಗವನ್ನೆಲ್ಲ ಸುತ್ತಿಕೊಂಡು, ನಾಲಿಗೆ ಹೊರಚಾಚಿ ನಿಂತಿತ್ತು. ನರಸಮ್ಮನಿಗೆ ತನ್ನ ಕರು ಕಣ್ಣ ಮುಂದೆ ಬಂತು. ಓಡಿಹೋಗಿ ಬಿಚ್ಚಿದಳು. ಆಗ ತಿರುಗಿ ನೋಡಿದ ಅನಸೂಯಮ್ಮ ರಸ್ತೆಗೇ ಬಂದು ನಿಂತುಬಿಟ್ಟಳು.

"ಅಯ್ಯಯ್ಯೋ, ನನ್ನ ಕರ ಬಿಚ್ಕೊಂಡು ಓಗ್ತಾವ್ಳೆ ನೋಡ್ರಪ್ಪೋ! ನಾಯಿ ನೆಪ ಮಾಡ್ಕೊಂಡು ಕಂಡೋರ ಅಟ್ಟಿ ನೋಡ್ಕೊಂಬರಾಕೆ ಕಲ್ತವ್ಳೆ ಕೆಪ್ಪಿ!"

ಆ ಕೊನೆಯ ಮಾತನ್ನು ಅವಳ ತುಟಿಯ ಮೇಲೆ ನೋಡಿದ ನರಸಮ್ಮನಿಗೆ ಊಟ ಸೇರಲಿಲ್ಲ. ಒಂದು ಕಾಲಕ್ಕೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಶನಿವಾರದ ಭಜನೆ ಹಾಡಿದವರು. ಅನಸೂಯಕ್ಕ ಎತ್ತಿಕೊಟ್ಟರೆ ಊರೇ ಹಿಂದಿನಿಂದ ಹಾಡುತ್ತಿತ್ತು. ಕಿವಿ ಹೋದ ಮೇಲೆ ಇವಳು ಬಿಟ್ಟಳು. ಈ ವರ್ಷ ಅವಳೂ ಬಿಟ್ಟಿದ್ದಳು. ಗಂಟಲು ಕಟ್ಟಿದೆಯಂತೆ. ಗಂಟಲು ಕಟ್ಟಿದವಳು ಬೀದಿಗೆಲ್ಲ ಕೇಳುವಂತೆ ಹಾಗೆ ಕೂಗುತ್ತಾಳೆಯೇ?

ಅನುಮಾನ ಒಂದು ಸಲ ಮನೆ ಹೊಕ್ಕರೆ ಮೂಲೆ ಮೂಲೆಯಲ್ಲೂ ಅದೇ ಕೂತಿರುತ್ತದೆ. ಆ ಸಂಜೆ ಮಣಿಯ ಮೀಸೆಯ ಮೇಲೆ ಒಣಗಿದ ಮೊಸರನ್ನದ ಅಗುಳು ಕಂಡಿತು. ತಮ್ಮ ಮನೆಯಲ್ಲಿ ಅವತ್ತು ಮುದ್ದೆ. ನರಸಮ್ಮ ಅಗುಳನ್ನು ಬೆರಳ ತುದಿಗೆ ತೆಗೆದುಕೊಂಡು ಮೂಸಿದಳು. ಒಗ್ಗರಣೆಗೆ ಇಂಗು ಹಾಕಿದ ಮೊಸರನ್ನ. ಬೀದಿಯಲ್ಲಿ ಅದನ್ನು ಮಾಡುವವಳು ಒಬ್ಬಳೇ.

"ತಿನ್ನಿಸಿ ತಿನ್ನಿಸಿ ನನ್ನ ನಾಯೀನ ಕೆಡಿಸ್ತಾವ್ಳೆ ಕಣಯ್ಯಾ," ಅಂದಳು ಗಂಡನಿಗೆ.

ಆಂಜಿನಪ್ಪ ಕಾಲು ತೊಳೆಯುತ್ತಾ ಮುಖವನ್ನು ಅವಳ ಕಡೆಗೇ ತಿರುಗಿಸಿ ಹೇಳಿದ: "ಆಯಮ್ಮಂಗೆ ಏನಾಗೈತೋ ತಿಳೀದು. ಟೀವಿ ಇಕ್ಕಿದ್ರೆ ಕಾಮಸಮುದ್ರದ ತಂಕ ಕೇಳ್ತೈತೆ. ಮಗ ಶ್ರೀಧರ ಬಂಗಾರಪೇಟೇಲಿ ಸಿಕ್ಕಿ, ನಮ್ಮಮ್ಮ ಫೋನೇ ಎತ್ತಲ್ಲ, ನನ್ ಮೇಲೆ ಯಾಕೋ ಕೋಪ ಅಂತಾನೆ. ನಿನ್ ಮೇಲೂ ಕೋಪ, ಮಗನ್ ಮೇಲೂ ಕೋಪ. ಬೆಳಗ್ಗೆ ನನ್ನ ಬಸ್ಟಾಪಿನಾಗೆ ನಿಲ್ಸಿ, ಊರಿಗಾಂನೋರ್ನ ಕರ್ಸಿ ನಾಯಿ ಕಳಿಸ್ತೀಯೋ, ನಾನೇ ಕಟ್ಟಾಕ್ಲೋ ಅಂದ್ಲು. ನಾನು ಸೆಲ್ವರಾಜಂಗೆ ಫೋನ್ ಮಾಡಿವ್ನಿ ಕಣೇ. ಬಂದು ನೋಡ್ಲಿ."

"ಕರ್ಕೊಂಡೋದ್ರೆ?"

ಆಂಜಿನಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಮುಚ್ಚಿದ ಮುಖದಲ್ಲಿ ಅವಳಿಗೆ ಓದಲು ಏನೂ ಉಳಿಯಲಿಲ್ಲ.

ಮಣಿ ಹಸಿಹಿಟ್ಟಿನ ಕೈಯವಳನ್ನು ರಸ್ತೆಗೆ ಎಳೆದು ತಂದ ಈ ಶನಿವಾರವೇ ಸೆಲ್ವರಾಜ್ ಬರುವವನಿದ್ದ. ಅವನು ಬರುವ ಹೊತ್ತಿಗೆ ತಾನು ಪಕ್ಕದವರ ಅಂಗಳದಲ್ಲಿ ನಿಂತಿರಬಾರದೆಂದು ನರಸಮ್ಮ ಮಣಿಯನ್ನು ಕುತ್ತಿಗೆಯ ಪಟ್ಟಿ ಹಿಡಿದು ವಾಪಸು ತಂದಳು. ದಾರಿಯುದ್ದಕ್ಕೂ ಮಣಿ ಹಿಂದಕ್ಕೇ ಕತ್ತು ಹೊರಳಿಸುತ್ತಿದ್ದ.

ಸೆಲ್ವರಾಜ್ ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು, ದೇವರ ಮನೆಯ ಕಡೆ ಒಂದು ಕೈ ಮುಗಿದು ಕೂತ. ಮಣಿ ಅವನ ಕೈಯನ್ನೆಲ್ಲ ನೆಕ್ಕಿದ. ಪರೀಕ್ಷೆ ಶುರುವಾಯಿತು. ಸೆಲ್ವರಾಜ್ ಹಿತ್ತಲಲ್ಲಿ ಬಾಗಿಲು ತಟ್ಟಿದ, ಕೊಟ್ಟಿಗೆಯಲ್ಲಿ ಬಕೆಟ್ಟು ಬಡಿದ, ತನ್ನ ಫೋನಿನಿಂದ ಇವಳ ಫೋನಿಗೆ ಕರೆ ಮಾಡಿದ. ಪ್ರತಿಸಲವೂ ಮಣಿ ಮೊಣಕಾಲಿಗೆ ಮೂತಿ ತಾಗಿಸಿ, ಸರಿಯಾದ ಜಾಗಕ್ಕೇ ಕರೆದೊಯ್ದ.

"ಪ್ರಮಾದಂ ಮಾ, ತುಂಬಾ ಚೆನ್ನಾಗ್ ಮಾಡ್ದ! ಇದ್ರಲ್ಲಿ ಏನು ತಪ್ಪು ಕಂಡ್ರು ಅವ್ರು?" ಅಂದ ಸೆಲ್ವರಾಜ್.

ನರಸಮ್ಮನಿಗೆ ಉಸಿರು ಬಂತು. ಕಾಫಿ ಕಾಯಿಸಲು ಎದ್ದಳು. ಲೋಟ ಅವನ ಕೈಗೆ ಕೊಡುತ್ತಿದ್ದ ಹಾಗೇ ಮಣಿ ಕಿವಿ ನಿಮಿರಿಸಿದ. ಎದ್ದು ಬಂದು ಮೊಣಕಾಲಿಗೆ ತಾಗಿದ. ಸೀದಾ ಗೇಟಿನ ಕಡೆ ನಡೆದ.

ಸೆಲ್ವರಾಜ್ ಲೋಟ ಕೆಳಗಿಟ್ಟ. "ಪಕ್ಕದ್ಮನೇಲಿ ಫೋನ್ ಹೊಡೀತಿದೆ ಮಾ. ನಿಂತು ನಿಂತು ಮತ್ತೆ ಹೊಡೀತಿದೆ. ಮನೇಲಿ ಯಾರೂ ಇಲ್ಲ ಅನ್ಸುತ್ತೆ." ಅವನ ಮುಖ ಸಣ್ಣದಾಯಿತು. "ಇದು ಸರಿಯಿಲ್ಲ ಮಾ. ಬೇರೆ ಮನೆ ಸದ್ದಿಗೆಲ್ಲ ಎದ್ದೋದ್ರೆ, ಒಂದಿನ ನಿಮ್ ಕರು ಕೂಗೋವಾಗ ಇವನು ಆ ಅಂಗಳದಲ್ಲಿರ್ತಾನೆ. ತಿರ್ಗಾ ಪಳಗಿಸ್ಬೇಕು. ಇವತ್ತೇ ಕರ್ಕೊಂಡೋಗ್ತೀನಿ."

"ಯಾವಾಗ ಕಳಿಸ್ತೀಯಪ್ಪಾ?"

ಅವನು ಚೀಲ ಹತ್ತಿರಕ್ಕೆ ಎಳೆದುಕೊಂಡ. "ಕೇಳ್ದೋರು ತುಂಬಾ ಜನ ಇದ್ದಾರೆ ಮಾ. ಇವ್ನೇ ಬರ್ತಾನೆ ಅಂತ ಮಾತು ಕೊಡಕ್ಕಾಗಲ್ಲ."

ಅವನು ಚೀಲದಿಂದ ಹಗ್ಗ ತೆಗೆಯುತ್ತಿದ್ದುದನ್ನು ನೋಡಲಾರದೆ ನರಸಮ್ಮ ಮಣಿಯ ಹಿಂದೆ ಗೇಟಿಗೆ ನಡೆದಳು. ಅಲ್ಲಿಂದ ಪಕ್ಕದ ಜಗಲಿ ಕಾಣುತ್ತಿತ್ತು. ಯಾರೂ ಇಲ್ಲವೆಂದು ಸೆಲ್ವರಾಜ್ ಅಂದಿದ್ದ ಮನೆಯ ಜಗಲಿಯಲ್ಲಿ ಅನಸೂಯಮ್ಮ ಮೊರ ಹಿಡಿದು, ರಸ್ತೆಗೇ ಮುಖ ಮಾಡಿ ಅವರೆಕಾಳು ಆರಿಸುತ್ತಾ ಕೂತಿದ್ದಳು. ಅವಳ ಬೆನ್ನ ಹಿಂದೆ, ಒಂದು ಗೇಣು ದೂರದ ಕಿಟಕಿಯಲ್ಲಿ, ಫೋನು ಬೆಳಕಾಗುತ್ತಿತ್ತು, ಆರುತ್ತಿತ್ತು, ಮತ್ತೆ ಬೆಳಕಾಗುತ್ತಿತ್ತು. ಅವಳು ಕಾಳು ಆರಿಸುತ್ತಲೇ ಇದ್ದಳು.

ನರಸಮ್ಮ ಗೇಟಿನ ಸರಳು ಹಿಡಿದು ನಿಂತುಬಿಟ್ಟಳು.

ಸೀದ ಬೇಳೆ. ಊರಿಗೆಲ್ಲ ಕೇಳುವ ಟೀವಿ. ಯಾವಾಗಲೂ ರಸ್ತೆಗೇ ಮುಖ. ಎದುರಿನವರು ಬಾಯಿ ತೆರೆಯುವ ಮೊದಲೇ ತಾನೇ ಶುರುಮಾಡಿ, ಅವರಿಗೆ ಸಂದೇ ಕೊಡದಂತೆ ಮಾತಾಡುವುದು. ಇದೆಲ್ಲ ನರಸಮ್ಮನಿಗೆ ಹೊಸದಲ್ಲ. ಕಿವಿ ಹೋಗುತ್ತಿದ್ದ ದಿನಗಳಲ್ಲಿ, ಯಾರಿಗೂ ತಿಳಿಯಬಾರದೆಂದು ತಾನೂ ಹೀಗೆಯೇ ಮಾಡಿದ್ದಳು. ಮಣಿ ತಪ್ಪಿರಲಿಲ್ಲ. ಬೇರೆ ಮನೆಗಳಲ್ಲಿ ಸದ್ದಾದರೆ ಯಾರಾದರೂ ಎದ್ದು ಬರುತ್ತಾರೆ, ಅವನು ಸುಮ್ಮನಿರುತ್ತಾನೆ. ಈ ಅಂಗಳದ ಸದ್ದಿಗೆ ಯಾರೂ ಓಗೊಡುತ್ತಿರಲಿಲ್ಲ. ಅದಕ್ಕೇ ತನಗೆ ಗೊತ್ತಿದ್ದ ಒಬ್ಬಳನ್ನು ಕರೆತರುತ್ತಿದ್ದ.

ಹಿಂದೆ ಸೆಲ್ವರಾಜ್ ಹಗ್ಗ ಹಿಡಿದು ಬಂದ. ಒಂದು ಮಾತು ಹೇಳಿದರೆ ಸಾಕಿತ್ತು. ಬೀದಿಯ ನಡುವೆ ಅನಸೂಯಮ್ಮ ತನ್ನ ಮೇಲೆ ಎಸೆದಿದ್ದ ಅದೇ ಮಾತು. ಅದು ಹಲ್ಲಿನ ತನಕ ಬಂತು. ವೆಂಕಟರಮಣಾ, ಇವತ್ತು ನಿನ್ನ ವಾರ, ನನ್ನ ಬಾಯಲ್ಲಿ ಇದನ್ನು ಆಡಿಸಬೇಡ ಎಂದು ಅದನ್ನು ನುಂಗಿಕೊಂಡಳು.

ಅಷ್ಟರಲ್ಲಿ ಅನಸೂಯಮ್ಮ ಇವರನ್ನು ಕಂಡು ಮೊರ ಹಿಡಿದೇ ಎದ್ದಳು. "ಏನು, ಕರ್ಕೊಂಡೋಗಾಕೆ ಬಂದ್ರಾ? ಓಗ್ಲಿ ಬಿಡು! ನನ್ ಕರ ನೆಮ್ಮದಿಯಾಗಿರ್ತದೆ!"

ನರಸಮ್ಮ ಅವಳನ್ನೇ ನೋಡುತ್ತಾ ತುಟಿಗಳನ್ನು ಮಾತ್ರ ಅಲುಗಿಸಿದಳು. ಗಂಟಲಿನಿಂದ ಗಾಳಿ ಕೂಡ ಬಿಡಲಿಲ್ಲ.

*ಅಕ್ಕಾ, ನಿನ್ನ ಹಿಂದೆ ಫೋನು ಕೂಗ್ತಾ ಐತೆ.*

ಅನಸೂಯಮ್ಮ ತಿರುಗಿ ಕಿಟಕಿಯ ಕಡೆ ನೋಡಿದಳು. ಫೋನಿನ ಬೆಳಕು ನೋಡಿದಳು. ಹಾಗೆಯೇ ನಿಂತಳು. ಮತ್ತೆ ಇವಳ ಕಡೆ ತಿರುಗಿದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಏನ್ ಮಾ, ಅವ್ರಿಗೇನಾದ್ರೂ ಹೇಳಿದ್ರಾ? ನಂಗೇನೂ ಕೇಳಿಸ್ಲಿಲ್ಲ," ಅಂದ ಸೆಲ್ವರಾಜ್ ಪಕ್ಕಕ್ಕೆ ಬಂದು.

"ಏನಿಲ್ಲಪ್ಪಾ," ಅಂದಳು ನರಸಮ್ಮ. "ನಡಿ, ಹಗ್ಗ ಕಟ್ಟು."

ಮಣಿಯ ಹಣೆಯ ಮೇಲಿದ್ದ ಬೆಳಗಿನ ಕುಂಕುಮಕ್ಕೆ ಬೆರಳು ತಾಗಿಸಿ ತನ್ನ ಹಣೆಗಿಟ್ಟುಕೊಂಡಳು. ಹಗ್ಗದ ಗಂಟು ಬಿತ್ತು. ಬೈಕಿನ ಹಿಂದೆ ಕಟ್ಟಿದ್ದ ಬುಟ್ಟಿಗೆ ಸೆಲ್ವರಾಜ್ ಅವನನ್ನು ಎತ್ತಿದ. ಬಾಲ ಅಲ್ಲಾಡಿಸದೆ ಅವನು ಇವಳನ್ನೇ ನೋಡುತ್ತಿದ್ದ. ನರಸಮ್ಮ ಕಣ್ಣು ಕೆಳಗೆ ಹಾಕಿದಳು. ಆದ್ದರಿಂದ ಅನಸೂಯಮ್ಮ ಓಡಿ ಬಂದಿದ್ದು ಅವಳಿಗೆ ತಿಳಿದದ್ದು ರಸ್ತೆಯ ಮೇಲೆ ಚೆಲ್ಲಿದ ಅವರೆಕಾಳಿನಿಂದ. ಮೊರ ಇನ್ನೂ ಅವಳ ಕೈಯಲ್ಲೇ ಇತ್ತು.

"ಲೇ ತಮ್ಮಾ, ಇಳ್ಸು ಅದ್ನ! ನಾಯಿ ತಪ್ಪು ಮಾಡಿಲ್ಲ. ನಂಗೆ ಕಿವಿ ಕೇಳ್ಸಲ್ಲ ಕಣಪ್ಪಾ."

ಸೆಲ್ವರಾಜ್ ಕೈ ಅಲ್ಲೇ ನಿಂತಿತು.

"ಯುಗಾದಿ ಆದ್ಮೇಲೆ ಒಂದೊಂದೇ ಸದ್ದು ಓಯ್ತು. ಮೊದ್ಲು ಗುಬ್ಬಿ. ಆಮೇಲೆ ಕುಕ್ಕರು. ಭಜನೇಲಿ ನಾನು ತಾಳ ತಪ್ಪಿದ್ದು ನಂಗೇ ತಿಳೀಲಿಲ್ಲ. ಎಲ್ರೂ ಮುಖ ಮುಖ ನೋಡ್ಕೊಂಡ್ರು. ಅವತ್ತಿಂದ ಗಂಟ್ಲು ಕಟ್ಟೈತೆ ಅಂತ ಸುಳ್ಳೇಳ್ಕೊಂಡು ಕೂತೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವ್ಳನ್ನ ಬೀದೀಲಿ ನಿಂತು ಕೆಪ್ಪಿ ಅಂದೋಳು ನಾನು. ಯಾವ ಬಾಯಲ್ಲಿ ಏಳ್ಲಿ? ಈ ಬಡ್ಡೀಮಗ ಬೇರೆ, ನಮ್ಮನೇಲಿ ಏನು ಕೂಗಿದ್ರೂ ಇವ್ಳನ್ನ ಕರ್ಕೊಂಬತ್ತಾನೆ. ಕರ್ಕೊಂಬರಬ್ಯಾಡ್ಲಾ ಅಂತ ಮೊಸರನ್ನ ಆಕ್ದೆ. ಮೊಸರನ್ನಾನೂ ತಿಂದ, ಕರ್ಕೊಂಡೂ ಬಂದ."

ನರಸಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಲಂಚ ಕೊಡ್ತಿದ್ದೀಯ ಅಂತ ಗೊತ್ತಿತ್ತಕ್ಕಾ. ಯಾತಕ್ಕೆ ಅಂತ ತಿಳೀಲಿಲ್ಲ."

"ಸುಮ್ಕಿರೇ ನರಸಿ. ನೀನು ಇವನ್ಗೆ ಏಳ್ಬೋದಿತ್ತಲ್ಲ. ಯಾಕೇಳ್ಲಿಲ್ಲ?"

ನರಸಮ್ಮ ಅವಳ ಕೈಯಿಂದ ಖಾಲಿ ಮೊರ ಇಸಿದುಕೊಂಡಳು.

ಸೆಲ್ವರಾಜ್ ಬೈಕಿನ ಸೀಟಿಗೆ ಒರಗಿದ. "ನಮ್ಮಪ್ಪನೂ ಹೀಗೇ ಮುಚ್ಚಿಟ್ರು ಮಾ," ಅಂದ. "ಒಂದಿನ ಹಿಂದಿಂದ ಲಾರಿ ಬಂದಾಗ್ಲೇ ನಮ್ಗೆ ತಿಳಿದಿದ್ದು." ಮತ್ತೇನೂ ಹೇಳದೆ ಬುಟ್ಟಿಯಲ್ಲಿದ್ದವನ ಹಗ್ಗ ಬಿಚ್ಚಿದ. ಇಬ್ಬರಿಗೂ ಕಾಣುವಂತೆ ಮುಖ ಎತ್ತಿ, ನಿಧಾನವಾಗಿ ಹೇಳಿದ: "ಯಾರೂ ಎದ್ದು ಬರದ ಸದ್ದನ್ನ ಇವನು ಬಿಟ್ಟುಬರಲಿಲ್ಲ. ಇದನ್ನ ನಾನು ಕಲಿಸಿದ್ದಲ್ಲ. ಇಲ್ಲೇ ಇರ್ಲಿ. ನೀವು ಮಾತ್ರ ಮಂಗಳವಾರ ಊರಿಗಾಂಗೆ ಬನ್ನಿ ಮಾ. ಕಿವಿ ತೋರ್ಸೋಣ. ನಿಮಗೂ ಒಂದು ನಾಯಿ ನೋಡೋಣ."

"ನಮ್ಮನೇಲಿ ಕರಿಯ ಅವ್ನಲ್ಲ?"

"ಅವನ್ನ ನೋಡ್ದೆ ಮಾ," ಅಂದ ಸೆಲ್ವರಾಜ್. ಕರಿಯ ಅಂಗಳದಲ್ಲಿ ಇನ್ನೂ ಅಂಗಾತ ಬಿದ್ದಿತ್ತು.

ಬೈಕು ಹೋದ ಮೇಲೆ ಇಬ್ಬರು ಹೆಂಗಸರೂ ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅವರೆಕಾಳು ಹೆಕ್ಕತೊಡಗಿದರು. ಮಣಿ ಇಬ್ಬರ ನಡುವೆ ಮಣ್ಣಿನಲ್ಲಿ ಮಲಗಿ, ಮುಂಗಾಲ ಮೇಲೆ ಮೂತಿಯಿಟ್ಟುಕೊಂಡಿದ್ದ. ಅನಸೂಯಮ್ಮ ಆಗಾಗ್ಗೆ ಮಣಿಯ ಕಡೆ ನೋಡಿ ತನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದಳು. ನರಸಮ್ಮ ಅದನ್ನು ಕಂಡಳು. ಕಾಳು ಹೆಕ್ಕುವ ಕೈ ನಿಲ್ಲಿಸಿದಳು.

"ಏನಕ್ಕಾ ಅದು, ಮೊಣಕಾಲು ತಟ್ಟೋದು?"

"ಸೊಳ್ಳೆ ಕಣೇ," ಅಂದಳು ಅನಸೂಯಮ್ಮ.