ಕಾವಲಿನವಳ ಸರದಿ

“ಆ ಕಡೆ ಹಿಡೀರಿ, ಕೆಳಗಿಳಿಸೋಣ,” ಎಂದು ಸೋದರಮಾವ ತೋಳು ಮಡಚಿದ. ಯಾರೂ ಕೈ ಹಾಕಲಿಲ್ಲ. ಬೆಳಿಗ್ಗೆ ತೀರಿಕೊಂಡ ಅವನ ಅಕ್ಕ, ಬೀದಿಗೆಲ್ಲ ಟೈಲರಮ್ಮ, ತನ್ನದೇ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿದ್ದಳು.

“ಮೇಜಿನ ಮೇಲೆ ಮಲಗಿಸ್ತಾರೇನೇ? ನೋಡಿದವರು ಏನಂದ್ಕೋತಾರೆ? ಚಾಪೆ ಹಾಸು.”

“ನೆಲಕ್ಕೆ ಇಳಿಸಲ್ಲ ಮಾವ,” ಎಂದಳು ಮಗಳು. ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು. “ಇವತ್ತು ಅಮ್ಮನ ಸರದಿ.”

ಮಾವನಿಗೆ ತಲೆಬುಡ ತಿಳಿಯಲಿಲ್ಲ. ಪ್ರವಾಹದ ವರ್ಷ ಅವನು ದೂರದಿಂದ ಫೋನಿನಲ್ಲೇ ಸಮಾಧಾನ ಹೇಳಿ ಕೈ ತೊಳೆದುಕೊಂಡಿದ್ದ.

*

ನದಿ ಬೀದಿಗೆ ನುಗ್ಗಿದಾಗ ಎಲ್ಲರೂ ನೆಲದ ಮೇಲೆ ನಿದ್ದೆಯಲ್ಲಿದ್ದರು. ಎದುರುಮನೆ ಬಡಗಿಯ ಹೆಂಡತಿ ಏಳಲೇ ಇಲ್ಲ. ಆಮೇಲೆ ಪರಿಹಾರ ಶಿಬಿರಕ್ಕೆ ಬಂದ ಯೋಗದ ಮೇಷ್ಟ್ರು, “ಅಂಗಾತ ಮಲಗಿ, ಕಣ್ಣು ಮುಚ್ಚಿ, ಶವಾಸನ,” ಎಂದಾಗ ಬಡಗಿ ಎದ್ದು ಹೊರಗೆ ಓಡಿದ.

“ನೀರು ಬಂದಾಗ ನಾವು ಹೀಗೇ ಮಲಗಿದ್ವಿ ಮೇಷ್ಟ್ರೇ,” ಎಂದಳು ಟೈಲರಮ್ಮ.

ಮೇಷ್ಟ್ರು ಪಾಪ, ಪೆಚ್ಚಾದರು. “ಹಾಗಾದ್ರೆ ಎಲ್ಲಿ ಮಲಗ್ತೀರಿ ಹೇಳಿ, ಅಲ್ಲೇ ಕಲಿಸ್ತೀನಿ.”

ನೀರಿಳಿದ ಮೇಲೆ ಅವಳು ತನ್ನ ಮೇಜು ತೋರಿಸಿದಳು. ಸೊಂಟದೆತ್ತರದ ಗಟ್ಟಿ ಮೇಜು. ಅಂದಿನಿಂದ ಸಂಜೆ ಹೊತ್ತು ಅಂಗಡಿಯಲ್ಲೇ ಯೋಗ. ಮೊದಲು ಎಲ್ಲರೂ ಕೂತು ಉಸಿರಾಟ. ಕೊನೆಗೆ ಸರದಿಯವರು ಮೇಜು ಹತ್ತಿ ಶವಾಸನ. ಉಳಿದವರು ಗೋಡೆಗೊರಗಿ ಬಾಗಿಲನ್ನೇ ದಿಟ್ಟಿಸುತ್ತಿದ್ದರು. ಮೇಷ್ಟ್ರು ಬರುವುದು ನಿಂತ ಮೇಲೂ ಅವಳು ಬಿಡಲಿಲ್ಲ. ಹೊಸ್ತಿಲಲ್ಲಿ ಬೀದಿಯತ್ತ ಮುಖ ಮಾಡಿ ಕಾವಲು ನಿಲ್ಲುವಳು. ಬಡಗಿ ಮೊದಲ ಸಲ ಮೇಜಿನ ಮೇಲೆ ಗೊರಕೆ ಹೊಡೆದ ಸಂಜೆ, ಬಟ್ಟೆ ಕೇಳಲು ಬಂದವರನ್ನೆಲ್ಲ ಗದರಿ ಹಿಂದಕ್ಕೆ ಕಳಿಸಿದ್ದಳು.

“ನೀನೂ ಒಂದ್ಸಲ ಮಲಗಕ್ಕ,” ಎಂದರೆ, “ನಾನು ಮಲಗಿದ್ರೆ ಆ ನೀರನ್ನ ಬೈಯೋರು ಯಾರು?” ಎನ್ನುತ್ತಿದ್ದಳು.

*

“ವ್ಯಾನ್ ಬಂತು. ಹಟ ಸಾಕು,” ಎಂದ ಮಾವ.

ಬಡಗಿ ಮೇಜಿಗೆ ಅಡ್ಡ ನಿಂತ. “ನಾವೆಲ್ಲ ಇಲ್ಲಿ ಮಲಗಿ ಮತ್ತೆ ಮನುಷ್ಯರಾದವರು ಸ್ವಾಮಿ. ಅವಳನ್ನ ಏಳಿಸೋಕೆ ನಾನು ಬಿಡಲ್ಲ. ಸ್ವಲ್ಪ ಹೊತ್ತು ನೀವೂ ಕೂತ್ಕೊಳ್ಳಿ.”

ಎಲ್ಲರೂ ಗೋಡೆಗೊರಗಿ ಕೂತರು. ಮಾವನೂ ಗೊಣಗುತ್ತಲೇ ಕೂತ. ಹೊರಗೆ ಹಾರ್ನ್ ಕೇಳಿಸಿತು. ಮಗಳು ಹೋಗಿ ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಇನ್ನೆಷ್ಟು ಹೊತ್ತಮ್ಮ?” ಎಂದ ಡ್ರೈವರ್.

“ಇಂಜಿನ್ ಆಫ್ ಮಾಡಿ. ಒಳಗೆ ಮಲಗಿದಾರೆ.”

ಅವಳ ಬೆನ್ನ ಹಿಂದೆ ಒಬ್ಬರೂ ಬಾಗಿಲ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದರು.