ಸ್ಪ್ರಿಂಗಿಗೆ ವಿಶ್ರಾಂತಿ

ಹಣ ಸಾಗಿಸುವ ಕಂಪನಿಯ ಡಿಪೋದಲ್ಲಿ ಒಂದೇ ವ್ಯಾನಿಗೆ ಇಬ್ಬರು ಗಾರ್ಡುಗಳಿದ್ದರು. ಹಿರಿಯವನಿಗೆ ಜನ ಇಟ್ಟ ಹೆಸರು ಒರೆಸಪ್ಪ, ಕಿರಿಯವನಿಗೆ ಆಮೇಲಪ್ಪ. ಒರೆಸಪ್ಪ ಕುರ್ಚಿ ಒರೆಸದೆ ಕೂರುವವನಲ್ಲ. ಎದ್ದ ಮೇಲೂ ಇನ್ನೊಮ್ಮೆ ಒರೆಸುವವನು. ಆಮೇಲಪ್ಪ ಗಡ್ಡಕ್ಕೆ ಬೆಂಕಿ ಬಿದ್ದರೂ "ಆಮೇಲೆ ನೋಡೋಣ" ಅನ್ನುವ ಆಸಾಮಿ. ಇವರು ದೂರದವರೇನಲ್ಲ. ಆಮೇಲಪ್ಪ ಒರೆಸಪ್ಪನ ಹೆಂಡತಿಯ ಒಡಹುಟ್ಟಿದ ತಮ್ಮ. ಸಾಹೇಬರ ಕೈಕಾಲು ಹಿಡಿದು ಅವನನ್ನು ಕೆಲಸಕ್ಕೆ ಸೇರಿಸಿದ್ದೂ ಭಾವನೇ. ಆಮೇಲೆ ಆ ಉಪಕಾರಕ್ಕಾಗಿ ತಲೆ ಚಚ್ಚಿಕೊಳ್ಳುತ್ತಿದ್ದವನೂ ಅವನೇ.

ಇಬ್ಬರ ಜಗಳ ಏಳುತ್ತಿದ್ದದ್ದು ಸಂಜೆ, ಆಯುಧದ ಕೋಣೆಯ ಕಿಟಕಿಯ ಮುಂದೆ. ಪಿಸ್ತೂಲು ಒಪ್ಪಿಸುವ ಮೊದಲು ಮ್ಯಾಗಜೀನಿನಿಂದ, ಅಂದರೆ ಒಳಗಿನ ಸ್ಪ್ರಿಂಗು ಗುಂಡುಗಳನ್ನು ಮೇಲಕ್ಕೆ ತಳ್ಳುವ ಡಬ್ಬಿಯಿಂದ, ಗುಂಡುಗಳನ್ನೆಲ್ಲ ತೆಗೆದಿಡಬೇಕು ಎಂಬುದು ಡಿಪೋದ ನಿಯಮ. ಒರೆಸಪ್ಪ ಒಂದೊಂದೇ ಗುಂಡನ್ನು ಹೆಬ್ಬೆರಳಲ್ಲಿ ಜಾರಿಸಿ, ಬಟ್ಟೆಯ ಮೇಲೆ ಮಲಗಿಸುತ್ತಿದ್ದ. ಸಾಲದ್ದಕ್ಕೆ ಮಧ್ಯಾಹ್ನ ಊಟದ ಹೊತ್ತಿನಲ್ಲೂ ಖಾಲಿ ಮಾಡಿ ಮತ್ತೆ ತುಂಬುತ್ತಿದ್ದ. ಆಮೇಲಪ್ಪನೋ, ತುಂಬಿದ ಮ್ಯಾಗಜೀನನ್ನೇ ಹಾಗೇ ಕಿಟಕಿಯೊಳಗೆ ನೂಕುತ್ತಿದ್ದ. ಮ್ಯಾಗಜೀನಿನ ಬೆನ್ನಿನ ಸಣ್ಣ ಕಿಂಡಿಗಳಲ್ಲಿ ಗುಂಡು ಕಾಣುತ್ತದಲ್ಲ, ಒಳಗಿನವನು ಅಲ್ಲಿಂದಲೇ ಲೆಕ್ಕ ನೋಡಿ, ತುಂಬಿದ್ದನ್ನು ಹಾಗೇ ಎತ್ತಿಡುತ್ತಿದ್ದ.

"ಸ್ಪ್ರಿಂಗಿಗೆ ವಿಶ್ರಾಂತಿ ಬೇಡವೇನೋ? ರಾತ್ರಿಯಿಡೀ ಹೊರೆ ಹೊತ್ತು ನಿಂತ್ರೆ ನಿನ್ನ ಬೆನ್ನು ಉಳಿಯುತ್ತಾ?"

"ನನ್ನ ಬೆನ್ನಿನ ಮಾತು ಬಿಡಿ ಭಾವ. ಅದು ಖಾಲಿ ಇದ್ರೂ ನೋಯುತ್ತೆ."

"ಯಾವತ್ತೋ ಒಂದಿನ ಸಮಯಕ್ಕೆ ಕೈ ಕೊಡುತ್ತೆ. ಆಗ ನನ್ನ ಮಾತು ನೆನಪಾಗುತ್ತೆ ನಿಂಗೆ."

"ಆಗ ನೀವು ಪಕ್ಕದಲ್ಲೇ ಇರ್ತೀರಲ್ಲ. ವಿಶ್ರಾಂತಿ ತಗೊಂಡು ಬಂದಿರೋ ಪಿಸ್ತೂಲು ಇಟ್ಕೊಂಡು."

ವರ್ಷಕ್ಕೊಮ್ಮೆ ಗುಂಡು ಹಾರಿಸುವ ಪರೀಕ್ಷೆ ನಡೆಯುತ್ತಿತ್ತು. ಗುರಿ ಸ್ವಲ್ಪ ತಪ್ಪಿದರೆ ಇನ್ನೊಂದು ಅವಕಾಶವಿತ್ತು. ಆದರೆ ಪಿಸ್ತೂಲೇ ನಡುವೆ ನಿಂತು, ಅದಕ್ಕೆ ಗಾರ್ಡಿನ ಅಸಡ್ಡೆಯೇ ಕಾರಣ ಎಂದಾದರೆ ವ್ಯಾನಿನ ಸೀಟು ಹೋದ ಹಾಗೆಯೇ. ಉಳಿದ ನೌಕರಿಯೆಲ್ಲ ಗೇಟಿನ ಸ್ಟೂಲಿನ ಮೇಲೆ, ಆಯುಧವಿಲ್ಲದೆ. ಒರೆಸಪ್ಪನಿಗೆ ಈ ಭಯ ಯಾವತ್ತೂ ಕಾಡಿರಲಿಲ್ಲ. ಇಡೀ ಡಿಪೋದಲ್ಲಿ ತನ್ನಷ್ಟು ಚೊಕ್ಕ ಕೈ ಇನ್ನೊಂದಿಲ್ಲ ಎಂಬುದೇ ಅವನ ಆಸ್ತಿ.

ಆ ವರ್ಷ ಪರೀಕ್ಷೆ ನಡೆಸಲು ಹೊಸ ಮೇಡಂ ಬಂದರು. ಮಾತು ಕಡಿಮೆ. ಅವರ ಕಣ್ಣು ಗುರಿಹಲಗೆಗಿಂತ ಹೆಚ್ಚಾಗಿ ಜನರ ಕೈಗಳ ಮೇಲೇ ಇತ್ತು. ಮೊದಲು ಆಮೇಲಪ್ಪ ನಿಂತ. ಅಂಗಿ ಅರ್ಧ ಒಳಗೆ, ಅರ್ಧ ಹೊರಗೆ. ಪಿಸ್ತೂಲು ಮಾತ್ರ ಒಮ್ಮೆಯೂ ತಡವರಿಸದೆ ಖಾಲಿಯಾಯಿತು.

ಆಮೇಲೆ ಒರೆಸಪ್ಪ. ಶುರುವೇನೋ ಚೆನ್ನಾಗಿತ್ತು. ಕೊನೆಯ ಎರಡು ಗುಂಡು ಉಳಿದಾಗ ಪಿಸ್ತೂಲು ಕಟಕ್ಕೆಂದಿತು, ಗುಂಡು ಹಾರಲಿಲ್ಲ. ಮ್ಯಾಗಜೀನು ಗುಂಡನ್ನು ಮೇಲಕ್ಕೆ ತಳ್ಳಿರಲೇ ಇಲ್ಲ. ಸರಿಮಾಡಿ ಮತ್ತೆ ತುಂಬಿ ಹಾರಿಸಿದ. ಮತ್ತೆ ಅದೇ ಜಾಗದಲ್ಲಿ ನಿಂತಿತು.

ಡಿಪೋದ ಸಾಹೇಬರು ಮುಂದೆ ಬಂದರು. "ಇಷ್ಟು ವರ್ಷ ಒರೆಸ್ತಾ ಕೂತಿದ್ದೆಲ್ಲ ನಮ್ಮ ಕಣ್ಣಿಗೆ ಮಣ್ಣೆರಚೋಕೇನಯ್ಯಾ? ತಿಂಗಳುಗಟ್ಟಲೆ ತುಂಬಿಟ್ಟು ಸ್ಪ್ರಿಂಗ್ ಸಾಯಿಸಿದ್ದೀಯ."

"ಇಲ್ಲ ಸರ್. ದಿನಾ ಖಾಲಿ ಮಾಡ್ತೀನಿ."

"ದಿನಾ ಖಾಲಿ ಮಾಡಿದ್ದು ಹೀಗೆ ಸೋಲುತ್ತಾ? ಯಾರಿಗೆ ಹೇಳ್ತೀಯ ಈ ಕತೆ? ಆಯುಧ ಇಲ್ಲಿಡು."

ಒರೆಸಪ್ಪ ಕೈಯಲ್ಲಿದ್ದ ಪಿಸ್ತೂಲನ್ನೇ ನೋಡಿದ. ತಾನು ನಂಬಿದ್ದೂ ಅದೇ ಮಾತನ್ನಲ್ಲವೇ? ತುಂಬಿಟ್ಟರೆ ಸ್ಪ್ರಿಂಗು ಸಾಯುತ್ತದೆ, ತನ್ನ ಸ್ಪ್ರಿಂಗು ಸತ್ತಿದೆ, ಹಾಗಾದರೆ ತಾನು ಸುಳ್ಳ. ಅವನು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಗೋಡೆಗೊರಗಿದ್ದ ಆಮೇಲಪ್ಪ ನೆಟ್ಟಗಾದ.

"ಸರ್, ತುಂಬಿಟ್ಟಿದ್ದಕ್ಕೇ ಕೆಡೋದಾದ್ರೆ ಮೊದಲು ನಂದು ಕೆಡಬೇಕಿತ್ತು. ನಾನು ಸೇರಿದಾಗಿಂದ ನಂದು ಖಾಲಿ ಆಗಿರೋದು ಈ ಪರೀಕ್ಷೆ ದಿನ ಮಾತ್ರ."

"ಏನಂದೆ?"

"ಸಂಜೆ ತೆಗೆಯೋದೇ ಇಲ್ಲ ಸರ್. ಸೋಮಾರಿತನ. ಕೋಣೆಯವನನ್ನ ಬೈಬೇಡಿ, ಅವನು ಹೇಳಿಹೇಳಿ ಸಾಕಾಗಿ ಬಿಟ್ಟಿದ್ದಾನೆ."

ಒರೆಸಪ್ಪ ಅವನತ್ತ ತಿರುಗಿದ. "ಲೋ, ಬಾಯ್ಮುಚ್ಚೋ," ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದ. ಪರೀಕ್ಷೆ ಪಾಸಾಗಿ ಕೈಕಟ್ಟಿ ನಿಂತಿದ್ದ ಹುಡುಗ. ಅವನನ್ನು ಕೇಳಿದವರಾರು? ನಿಯಮ ಮುರಿದೆ ಅಂತ ಸಾಹೇಬರೆದುರೇ ಒಪ್ಪಿಕೊಂಡವನ ಗತಿ ಏನು ಎಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮುಖದಲ್ಲೇ ಕಾಣುತ್ತಿತ್ತು. ಆದರೂ ಮಾತು ನಿಲ್ಲಿಸಲಿಲ್ಲ.

"ಮೇಡಂ, ನನ್ನ ಮ್ಯಾಗಜೀನನ್ನ ಭಾವನ ಪಿಸ್ತೂಲಿಗೆ ಹಾಕಿ. ಅವರದ್ದನ್ನ ನನ್ನದಕ್ಕೆ ಹಾಕಿ. ಆಮೇಲೆ ಯಾರದು ತಪ್ಪು ಅಂತ ಬರ್ಕೊಳ್ಳಿ."

ಸಾಹೇಬರು ಬೇಡ ಎನ್ನುವಷ್ಟರಲ್ಲಿ ಮೇಡಂ ಗುಂಡು ತುಂಬತೊಡಗಿದ್ದರು. ತಾವೇ ನಿಂತು ಹಾರಿಸಿದರು. ಒರೆಸಪ್ಪನ ಪಿಸ್ತೂಲು ನೀರು ಕುಡಿದ ಹಾಗೆ ಖಾಲಿಯಾಯಿತು. ಆಮೇಲಪ್ಪನ ಪಿಸ್ತೂಲು, ಭಾವನ ಮ್ಯಾಗಜೀನಿನೊಂದಿಗೆ, ಕೊನೆಯ ಎರಡು ಗುಂಡಿಗೆ ಕಟಕ್ಕೆಂದು ನಿಂತಿತು.

ಮೇಡಂ ಎರಡೂ ಮ್ಯಾಗಜೀನು ಬಿಚ್ಚಿ ಸ್ಪ್ರಿಂಗುಗಳನ್ನು ಪಕ್ಕಪಕ್ಕ ಇಟ್ಟರು. ಒರೆಸಪ್ಪನದು ಗಿಡ್ಡವಾಗಿತ್ತು, ನಡುವೆ ಒಂದು ಕಡೆ ಸೊಟ್ಟಗಾಗಿತ್ತು.

"ಇದನ್ನ ಕೈಯಲ್ಲಿ ಎಳೆದಿದ್ದೀರಾ?"

"ಗಿಡ್ಡ ಆದ ಹಾಗೆ ಕಂಡಿತು ಮೇಡಂ. ಸ್ವಲ್ಪ ಎಳೆದು ಉದ್ದ ಮಾಡಿದೆ. ಮೂರ್ನಾಲ್ಕು ಸಲ."

"ದಿನಕ್ಕೆ ಎಷ್ಟು ಸಲ ತುಂಬಿ ತೆಗೀತೀರಿ?"

ಹೇಳಿದ. ಮೇಡಂ ಮೊದಲ ಬಾರಿಗೆ ನಕ್ಕರು.

"ತಂತಿ ತುಂಡು ಮಾಡೋಕೆ ಏನು ಮಾಡ್ತೀರಿ? ಬಗ್ಗಿಸಿ ಸುಮ್ಮನೆ ಇಡ್ತೀರಾ? ಇಲ್ಲ, ಹಿಂದೆ ಮುಂದೆ ಆಡಿಸ್ತೀರಿ. ಸ್ಪ್ರಿಂಗೂ ಹಾಗೇ. ಅದುಮಿಟ್ಟಿದ್ದು ಹೊಸದರಲ್ಲಿ ಸ್ವಲ್ಪ ತಗ್ಗುತ್ತೆ, ಆಮೇಲೆ ಅಲ್ಲೇ ನಿಲ್ಲುತ್ತೆ. ಅದುಮಿ ಬಿಟ್ಟು, ಅದುಮಿ ಬಿಟ್ಟು ಮಾಡಿದ್ದೇ ಬೇಗ ಸವೆಯೋದು. ಉಕ್ಕೇ ಕಳಪೆಯಾದ್ರೆ ಹೇಗಿಟ್ಟರೂ ಕೆಡುತ್ತೆ, ಆ ಮಾತು ಬೇರೆ. ಇವರದ್ದು ಅಸಡ್ಡೆ ಅಲ್ಲ ಸಾಹೇಬ್ರೇ. ಅತಿ ಮುದ್ದು."

ಒರೆಸಪ್ಪನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅವನ ಕಣ್ಣು ಸ್ಪ್ರಿಂಗಿನ ಮೇಲಿರಲೇ ಇಲ್ಲ. ಅಂಗಿಯ ಅಂಚು ಜೋತುಬಿದ್ದ ಭಾಮೈದನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದ. ಇಷ್ಟು ವರ್ಷ ಅವನು ಏನೇನು ಮಾಡಲಿಲ್ಲ ಎಂಬುದನ್ನೇ ಲೆಕ್ಕ ಇಟ್ಟಿದ್ದನಲ್ಲ, ಮಾಡಬಲ್ಲದ್ದು ಇಷ್ಟು ದೊಡ್ಡದು ಎಂದು ಎಣಿಸಿರಲಿಲ್ಲ. ತಾನು ಅವನ ಜಾಗದಲ್ಲಿದ್ದರೆ ಬಾಯಿ ಬಿಡುತ್ತಿದ್ದೆನೇ? ನಿಯಮ ಮುರಿದವನು ತಾನು ಎಂದು? ಉತ್ತರ ಅವನಿಗೆ ಹಿತವಾಗಿರಲಿಲ್ಲ.

ಸಾಹೇಬರ ತೀರ್ಮಾನ ಚಿಕ್ಕದಾಗಿತ್ತು. ಒರೆಸಪ್ಪನಿಗೆ ಹೊಸ ಸ್ಪ್ರಿಂಗು ಕೊಡುವುದು, ವ್ಯಾನಿನ ಸೀಟು ಅವನದೇ. ಆಮೇಲಪ್ಪನ ಸ್ಪ್ರಿಂಗು ಎಷ್ಟೇ ಗಟ್ಟಿಯಿರಲಿ, ನಿಯಮ ನಿಯಮವೇ. ಒಂದು ತಿಂಗಳು ಗೇಟು.

ಹೊರಗೆ ಓಣಿಯಲ್ಲಿ ಒರೆಸಪ್ಪ ಅವನ ತೋಳು ಹಿಡಿದು ನಿಲ್ಲಿಸಿದ. "ಯಾಕೋ ಹೇಳೋಕೆ ಹೋದೆ? ಸುಮ್ಮನಿದ್ದಿದ್ರೆ ನಿಂಗೇನೂ ಆಗ್ತಿರಲಿಲ್ಲ."

"ನಿಮ್ಮನ್ನ ಸುಳ್ಳ ಅಂದ್ರಲ್ಲ ಭಾವ. ಬೈಯೋದಾದ್ರೆ ಜಿಪುಣ ಅನ್ನಲಿ, ತಲೆಹರಟೆ ಅನ್ನಲಿ, ನಾನೂ ಸೇರ್ಕೋತೀನಿ. ಸುಳ್ಳ ಅಂದ್ರೆ ಹೇಗೆ ಕೇಳ್ಕೊಂಡಿರ್ಲಿ?"

ಒರೆಸಪ್ಪ ಜೋತುಬಿದ್ದ ಅಂಗಿಯ ಅಂಚನ್ನು ತಾನೇ ಹಿಡಿದು ಭಾಮೈದನ ಸೊಂಟಕ್ಕೆ ಸಿಕ್ಕಿಸಿದ.

"ಬಿಡಿ ಭಾವ, ಯಾರಾದ್ರೂ ನೋಡ್ತಾರೆ."

"ನೋಡಲಿ," ಅಂದ ಒರೆಸಪ್ಪ. ಸಾಹೇಬರ ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು. ಅವನು ಒಳಗೆ ಹೋಗಿ, ಆ ತಿಂಗಳಲ್ಲಿ ಅರ್ಧ ಗೇಟು ತನಗೂ ಹಾಕಿಕೊಡಿ, ವ್ಯಾನಿನಲ್ಲಿ ಆ ಅರ್ಧ ಅವನು ಕೂರಲಿ ಎಂದು ಕೇಳಿದ. ಸಾಹೇಬರು ಇಬ್ಬರನ್ನೂ ನೋಡಿ, ಇಂಥ ಅರ್ಜಿ ನಾನೆಂದೂ ಕೇಳಿಲ್ಲ ಎಂದು ಗೊಣಗಿ, ಒಪ್ಪಿದರು.