ಒಂಟಿ ಎಳೆಯ ದಾರ

ಅತ್ತೆ ಬನಶಂಕರಮ್ಮ ತಲೆಸುತ್ತಿ ಹಿತ್ತಿಲಲ್ಲಿ ಬಿದ್ದು ಕೂಗಿಕೊಂಡದ್ದು ಪವರ್‌ಲೂಮ್ ಸದ್ದಿನಲ್ಲಿ ನಮಗ್ಯಾರಿಗೂ ಕೇಳಿಸಿರಲಿಲ್ಲ. ಅದಕ್ಕೇ ಕಲ್ಯಾಣದುರ್ಗದಲ್ಲಿ ಬಸ್ ಕಂಡಕ್ಟರಾಗಿದ್ದ ನನ್ನಣ್ಣನಿಂದ ಹಳೆಯ ಸೀಟಿಯೊಂದನ್ನು ತಂದೆ. ಎಂಟೆಳೆ ರೇಷ್ಮೆಯನ್ನು ಹುರಿಮಾಡಿ, ಎತ್ತು ಎಳೆದರೂ ಹರಿಯದಂಥ ದಾರದಲ್ಲಿ ಅವರ ಕೊರಳಿಗೆ ಕಟ್ಟಿದೆ.

"ಮಗ್ಗದ ಮನೇಲಿ ಇಂಥ ದಾರ ಕಟ್ತಾರೇನೇ? ನೇಯೋರ ಮನೇಲಿ ಹುಟ್ಟಿದೋಳಾ ನೀನು!" ಎಂದು ಅತ್ತೆ ಅದನ್ನು ಕತ್ತರಿಸಿ, ಸೀಟಿಯನ್ನು ಒಂಟಿ ಎಳೆ ಹತ್ತಿ ನೂಲಿಗೆ ಪೋಣಿಸಿಕೊಂಡರು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಮೂರನೆಯ ದಿನ ಅತ್ತೆ ಬಗ್ಗಿದಾಗ, ನೂಲು ಸುತ್ತುವ ಮೋಟಾರು ಸೀಟಿಯನ್ನು ಎಳೆದುಕೊಂಡಿತು. ಕೊರಳಿನ ಎಳೆ ಪಟ್ಟನೆ ಹರಿಯಿತು. ಅತ್ತೆ ನೆಟ್ಟಗೆ ನಿಂತರು.

"ಕರೆಂಟ್ ಆಫ್ ಮಾಡಮ್ಮಿ, ಸೀಟಿ ಸಿಕ್ಕೊಂಡ್ಬುಟ್ಟದೆ" ಎಂದರು, ಅಷ್ಟೇ.

ಈಗ ಹಿಂದೂಪುರದ ನಮ್ಮ ಬೀದಿಯ ಮುದುಕಿಯರೆಲ್ಲ ಸೀಟಿ ಹಿಡಿದು ನಮ್ಮ ಮನೆಗೇ ಬರುತ್ತಾರೆ. ಅತ್ತೆ ಒಬ್ಬೊಬ್ಬರ ಕೊರಳಿಗೂ ನೂಲು ಕಟ್ಟಿ, ಎಳೆದು ಹರಿದು ತೋರಿಸಿ, ಮತ್ತೆ ಹೊಸದು ಕಟ್ಟುತ್ತಾರೆ. ಐವತ್ತು ವರ್ಷ ಒಂದೆಳೆಯೂ ಹರಿಯದಂತೆ ನೇಯ್ದ ಕೈಗಳು ಅವು.